ಸತ್ತ ಆಟಗಾರ ಎಷ್ಟು ಹೊತ್ತು ಕಾಯಬೇಕು?

2021ರ ನವೆಂಬರ್‌ನಲ್ಲಿ ‘ಹೇಲೋ ಇನ್‌ಫಿನಿಟ್’ ಎಂಬ ವಿಡಿಯೋ ಗೇಮಿನ ಮಲ್ಟಿಪ್ಲೇಯರ್, ಅಂದರೆ ಹಲವರು ಆನ್‌ಲೈನ್‌ನಲ್ಲಿ ಸೇರಿ ಆಡುವ ಭಾಗ, ಉಚಿತವಾಗಿ ಬಿಡುಗಡೆಯಾಯಿತು. ಬಂದೂಕಿನ ಹಿಡಿತ, ಓಟದ ವೇಗ ಎರಡನ್ನೂ ಹಳೆಯ ಅಭಿಮಾನಿಗಳು ಮೆಚ್ಚಿಕೊಂಡರು. ಅವರಿಗೆ ಸಿಟ್ಟು ಬಂದದ್ದು ಮೆನು ನೋಡಿ. ಎದುರು ತಂಡದವರನ್ನು ಹೊಡೆದು ಅಂಕ ಗಳಿಸುವ ‘ಸ್ಲೇಯರ್’ ಎಂಬ ಸರಳ ಮೋಡನ್ನು, ಅಂದರೆ ಆಟದ ಬಗೆಯನ್ನು, ಬೇಕೆಂದು ಆರಿಸಿಕೊಳ್ಳಲು ಅಲ್ಲಿ ದಾರಿಯೇ ಇರಲಿಲ್ಲ. ‘ಕ್ವಿಕ್ ಪ್ಲೇ’ ಒತ್ತಿದರೆ ಒಮ್ಮೆ ಬಾವುಟ ಕದಿಯುವ ಆಟ, ಇನ್ನೊಮ್ಮೆ ತಲೆಬುರುಡೆ ಹಿಡಿದುಕೊಂಡು ನಿಲ್ಲುವ ಆಟ, ಮತ್ತೊಮ್ಮೆ ಮೂರು ಜಾಗ ಕಾಯುವ ಆಟ. ಯಾವುದು ಪಾಲಿಗೆ ಬಂತೋ ಅದನ್ನೇ ಆಡಬೇಕು. ಗಲಾಟೆ ಎಷ್ಟು ಜೋರಾಯಿತೆಂದರೆ ಡಿಸೆಂಬರ್ ನಡುವಿನ ಹೊತ್ತಿಗೆ ಸ್ಲೇಯರ್‌ಗೆ ಪ್ರತ್ಯೇಕ ಪಟ್ಟಿ ಬಂತು.

ಹೊಸ ಶೂಟರ್, ಅಂದರೆ ಬಂದೂಕಿನ ಆಟ, ಬಂದಾಗಲೆಲ್ಲ ಇಂಥ ಜಗಳ ಏಳುತ್ತದೆ. ಕೊಂದಷ್ಟೂ ಅಂಕ ಸಿಗುವ ಡೆತ್‌ಮ್ಯಾಚ್ ಕಾಲ ಮುಗಿಯಿತು ಎನ್ನುವವರಿದ್ದಾರೆ, ಕೊನೆಗೆ ಉಳಿದವರೇ ಗೆಲ್ಲುವ ಬ್ಯಾಟಲ್ ರಾಯಲ್ ಸಾಕಾಗಿದೆ ಎನ್ನುವವರಿದ್ದಾರೆ. ಐದೈದು ಜನರ, ಒಂದು ತಂಡ ಬಾಂಬ್ ಇಡುವ, ಇನ್ನೊಂದು ತಡೆಯುವ ಆಟವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹುಡುಗಾಟ ಎನ್ನುವವರೂ ಇದ್ದಾರೆ. ಅವರವರ ರುಚಿ ಎಂದು ಕೈಬಿಡಬಹುದಾದ ವಾದ ಇದಲ್ಲ ಎಂದು ನನಗೆ ಅನ್ನಿಸುತ್ತದೆ. ಮೋಡ್ ಎಂದರೆ ಮೂಲದಲ್ಲಿ ಸಾವಿಗೆ ಕಟ್ಟಿದ ಬೆಲೆ. ಗುಂಡು ತಗುಲಿ ಬಿದ್ದವನು ಏನು ಕಳೆದುಕೊಳ್ಳುತ್ತಾನೆ, ಎಷ್ಟು ಹೊತ್ತು ಕಾಯುತ್ತಾನೆ, ಯಾರ ಕೃಪೆಯಿಂದ ಮತ್ತೆ ಒಳಗೆ ಬರುತ್ತಾನೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿ ಮೋಡ್ ಕೊಡುವ ಉತ್ತರ ಬೇರೆ. ಆ ಉತ್ತರ ಆ ಆಟದ ಬಂದೂಕಿಗೆ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಒಳ್ಳೆಯ ಮ್ಯಾಪ್, ಅಂದರೆ ಆಡುವ ಅಂಗಳ, ಕೊಟ್ಟರೂ ಆಟ ಹಳಸುತ್ತದೆ.

ಡೆತ್‌ಮ್ಯಾಚ್‌ನಿಂದಲೇ ಶುರು ಮಾಡೋಣ. 1993ರ ಡಿಸೆಂಬರ್‌ನಲ್ಲಿ ‘ಡೂಮ್’ ಬಂತು, ಕಂಪ್ಯೂಟರ್‌ಗಳನ್ನು ಜೋಡಿಸಿಕೊಂಡು ನಾಲ್ಕು ಜನ ಒಬ್ಬರನ್ನೊಬ್ಬರು ಬೇಟೆಯಾಡಬಹುದಾಗಿತ್ತು. 1996ರ ‘ಕ್ವೇಕ್’, 1999ರ ‘ಕ್ವೇಕ್ 3 ಅರೀನಾ’ಗಳಲ್ಲಿ ಅದು ಪಕ್ವವಾಯಿತು. ಈಗಿನವರಿಗೆ ಸುಮ್ಮನೆ ಓಡುವುದು, ಹೊಡೆಯುವುದು ಎನ್ನಿಸುವ ಆ ಆಟದಲ್ಲಿ ಸಾವಿಗೆ ನಿಜವಾದ ಬೆಲೆ ಇತ್ತು. ಹುಟ್ಟುವಾಗ ಎಲ್ಲರ ಕೈಯಲ್ಲೂ ಒಂದು ಸಾಧಾರಣ ಬಂದೂಕು ಮಾತ್ರ. ರಾಕೆಟ್ ಲಾಂಚರ್, ರೇಲ್‌ಗನ್, ಕೆಂಪು ಕವಚ, ಮೆಗಾ ಹೆಲ್ತ್ ಎಲ್ಲ ಮ್ಯಾಪಿನಲ್ಲಿ ಅಲ್ಲಲ್ಲಿ ಇರುತ್ತಿದ್ದವು. ಕ್ವೇಕ್ 3ರಲ್ಲಿ ಒಬ್ಬ ಎತ್ತಿಕೊಂಡ ಕವಚ 25 ಸೆಕೆಂಡಿಗೆ ಮತ್ತೆ ಹುಟ್ಟುತ್ತದೆ, ಮೆಗಾ ಹೆಲ್ತ್ 35 ಸೆಕೆಂಡಿಗೆ. ಪಳಗಿದ ಆಟಗಾರನ ತಲೆಯಲ್ಲಿ ಈ ಎರಡು ಗಡಿಯಾರಗಳು ಸದಾ ಓಡುತ್ತಿರುತ್ತವೆ. ಸತ್ತರೆ ಗಳಿಸಿದ್ದೆಲ್ಲ ಹೋಗುತ್ತದೆ, ಬರಿಗೈಯಲ್ಲಿ ಮತ್ತೆ ಮೊದಲಿನಿಂದ. ಕೊಂದವನ ಹತ್ತಿರ ಕವಚವೂ ಇದೆ, ಒಳ್ಳೆಯ ಬಂದೂಕೂ ಇದೆ. ಮ್ಯಾಪನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಅಲ್ಲಿ ನಿಜವಾದ ಗುರಿ, ಕೊಲೆ ಅದರ ಫಲ.

2007ರ ‘ಕಾಲ್ ಆಫ್ ಡ್ಯೂಟಿ 4’ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಆಟಗಾರ ತನಗೆ ಬೇಕಾದ ಬಂದೂಕನ್ನು ಪಂದ್ಯಕ್ಕೆ ಮೊದಲಿನ ಲಾಬಿಯಲ್ಲೇ ಆರಿಸಿಕೊಂಡು ಅದರ ಜೊತೆಗೇ ಹುಟ್ಟತೊಡಗಿದ. ಲೋಡ್‌ಔಟ್ ಎಂಬ ಈ ಪದ್ಧತಿ ಈಗ ಎಲ್ಲೆಡೆ ಇದೆ. ಅದರಿಂದ ಸುಖ ಬಂತು, ಪ್ರತಿ ಹುಟ್ಟೂ ಸಮಾನವಾಯಿತು. ಆದರೆ ಮ್ಯಾಪಿನಲ್ಲಿ ಎತ್ತಿಕೊಳ್ಳುವಂಥದ್ದು ಏನೂ ಉಳಿಯಲಿಲ್ಲ, ಸತ್ತವನು ಕಳೆದುಕೊಳ್ಳುವುದೂ ಕೆಲವು ಸೆಕೆಂಡುಗಳನ್ನು ಮಾತ್ರ. ಮೇಲಾಗಿ ಇಂಥ ಆಟಗಳಲ್ಲಿ ಎದುರಾಳಿ ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ನೆಲಕ್ಕೆ ಬೀಳುತ್ತಾನೆ. ಮೊದಲು ಕಂಡವನೇ ಗೆದ್ದ ಎಂದಾದ ಮೇಲೆ ಓಡುವವನಿಗಿಂತ ಮೂಲೆಯಲ್ಲಿ ಕೂತವನಿಗೆ ಅನುಕೂಲ ಹೆಚ್ಚು. 75 ಕೊಲೆಗೆ ಮುಗಿಯುವ ಟೀಮ್ ಡೆತ್‌ಮ್ಯಾಚ್‌ನಲ್ಲಿ ಹೀಗೆ ಕೂರುವುದನ್ನು ಕ್ಯಾಂಪಿಂಗ್ ಎಂದು ಬೈಯುವುದು ಆಟಗಾರನಿಗೆ ಮಾಡುವ ಅನ್ಯಾಯ. ಅವನು ನಿಯಮ ಹೇಳಿದಂತೆಯೇ ಆಡುತ್ತಿದ್ದಾನೆ. ಕಡಿಮೆ ಸಾಯಬೇಕು, ಹೆಚ್ಚು ಕೊಲ್ಲಬೇಕು ಎಂಬುದಷ್ಟೇ ಗುರಿಯಾಗಿರುವಾಗ ಅವನು ಯಾಕೆ ಬಾಗಿಲು ದಾಟಬೇಕು?

ಹಾಗಾಗಿ ಲೋಡ್‌ಔಟ್ ಇರುವ, ಬೇಗ ಸಾಯುವ ಶೂಟರ್‌ಗೆ ಡೆತ್‌ಮ್ಯಾಚ್ ಮುಖ್ಯ ಮೋಡ್ ಆಗಲಾರದು. ಕೈ ಬಿಸಿ ಮಾಡಿಕೊಳ್ಳಲು, ಹೊಸ ಬಂದೂಕು ಪರೀಕ್ಷಿಸಲು, ಹತ್ತು ನಿಮಿಷ ಬಿಡುವಿದ್ದಾಗ ಆಡಲು ಅದು ಬೇಕೇ ಬೇಕು. ‘ವ್ಯಾಲರಂಟ್’ 2020ರಲ್ಲಿ ಬಂದರೂ ಅದಕ್ಕೆ ಟೀಮ್ ಡೆತ್‌ಮ್ಯಾಚ್ ಸೇರಿದ್ದು 2023ರಲ್ಲಿ. ಅಷ್ಟು ತಡ ಮಾಡಬಾರದಿತ್ತು.

ಈ ಕೊರತೆಗೆ ಕಾಲ್ ಆಫ್ ಡ್ಯೂಟಿಯೇ ಕಂಡುಕೊಂಡ ಒಳ್ಳೆಯ ಮದ್ದು 2012ರ ‘ಬ್ಲ್ಯಾಕ್ ಆಪ್ಸ್ 2’ರಲ್ಲಿ ಬಂದ ‘ಹಾರ್ಡ್‌ಪಾಯಿಂಟ್’. ಮ್ಯಾಪಿನ ಒಂದು ಕೋಣೆ ಅಥವಾ ಅಂಗಳ 60 ಸೆಕೆಂಡು ಅಂಕ ಕೊಡುತ್ತದೆ, ಆಮೇಲೆ ಆ ಜಾಗ ಬೇರೆ ಕಡೆಗೆ ಹೋಗುತ್ತದೆ, 250 ಅಂಕ ತಲುಪಿದ ತಂಡಕ್ಕೆ ಗೆಲುವು. ಇಲ್ಲಿ ಮೂಲೆ ಹಿಡಿದು ಕೂತವನು ಒಂದು ನಿಮಿಷದಲ್ಲಿ ಅಪ್ರಸ್ತುತನಾಗುತ್ತಾನೆ. ಸತ್ತವನು ಬೇಗ ಹುಟ್ಟಿದರೂ ಅವನು ಹುಟ್ಟುವ ಜಾಗ ಎಲ್ಲಿ ಎಂಬುದು ಮುಖ್ಯವಾಗುತ್ತದೆ, ಮುಂದಿನ ಅಂಗಳದ ದಾರಿಯನ್ನು ಹತ್ತು ಸೆಕೆಂಡು ಮೊದಲೇ ಹಿಡಿದ ತಂಡ ಗೆಲ್ಲುತ್ತದೆ. ಕಳೆದುಹೋಗಿದ್ದ ಕ್ವೇಕ್‌ನ ಗಡಿಯಾರ ಬೇರೆ ವೇಷದಲ್ಲಿ ಮರಳಿ ಬಂತು. ಕಾಲ್ ಆಫ್ ಡ್ಯೂಟಿ ವೃತ್ತಿಪರ ಪಂದ್ಯಗಳಲ್ಲಿ ಇಷ್ಟು ವರ್ಷವಾದರೂ ಹಾರ್ಡ್‌ಪಾಯಿಂಟ್ ಗಟ್ಟಿಯಾಗಿ ಕೂತಿರುವುದು ಇದಕ್ಕೇ.

ಬಾವುಟ ಕದಿಯುವ ಆಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಾವುಟ ಹಿಡಿದವನನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಅದರ ಸೊಗಸು ಇರುವುದು, ಹಾಗಾಗಿ ಅವನು ನಾಲ್ಕು ಗುಂಡು ತಿಂದರೂ ಓಡುವಂತಿರಬೇಕು. ಹೇಲೋದಲ್ಲಿ ಓಡಬಲ್ಲ, ಗೋಡೆ ಮೇಲೆ ಓಡುವ ‘ಟೈಟನ್‌ಫಾಲ್ 2’ರಲ್ಲಿ ಓಡಬಲ್ಲ. ಮೂರು ಗುಂಡಿಗೆ ಬೀಳುವ ಆಟದಲ್ಲಿ ಬೆನ್ನಟ್ಟುವ ಪ್ರಸಂಗವೇ ಹುಟ್ಟುವುದಿಲ್ಲ.

ಈಗ ಇನ್ನೊಂದು ತುದಿಗೆ, ಒಂದು ರೌಂಡಿಗೆ ಒಂದೇ ಜೀವ. 1999ರಲ್ಲಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ‘ಹಾಫ್-ಲೈಫ್’ ಆಟದ ಮೇಲೆ ಕಟ್ಟಿದ ‘ಕೌಂಟರ್-ಸ್ಟ್ರೈಕ್’ ಈ ಪದ್ಧತಿಗೆ ಭದ್ರ ಬುನಾದಿ ಹಾಕಿತು. ಇಲ್ಲಿ ಸಾವಿನ ಬೆಲೆ ಆ ರೌಂಡಿಗೇ ಮುಗಿಯುವುದಿಲ್ಲ. ಪಂದ್ಯ ಶುರುವಾಗುವಾಗ ಕೈಯಲ್ಲಿ ಆಟದೊಳಗಿನ 800 ಡಾಲರ್, ಒಂದು ಎಕೆ-47ಕ್ಕೆ 2,700, ಎಡಬ್ಲ್ಯೂಪಿ ಸ್ನೈಪರ್‌ಗೆ 4,750. ಸತ್ತರೆ ಬಂದೂಕು ಹೋಯಿತು, ಮುಂದಿನ ರೌಂಡಿಗೆ ಪಿಸ್ತೂಲೇ ಗತಿಯಾಗಬಹುದು. ಅದಕ್ಕೇ ಸೋತ ರೌಂಡಿನಲ್ಲೂ ಬಂದೂಕು ಉಳಿಸಿಕೊಳ್ಳಲು ಅಡಗುವುದು ಜಾಣತನ ಅನ್ನಿಸಿಕೊಳ್ಳುತ್ತದೆ. ಈ ಮೋಡ್ ಇಲ್ಲಿ ಹೊಂದುತ್ತದೆ, ಏಕೆಂದರೆ ಬಂದೂಕು ಹೊಂದುತ್ತದೆ. ಓಡುತ್ತಾ ಹೊಡೆದರೆ ಗುರಿ ತಪ್ಪುತ್ತದೆ, ನಿಂತು ಹೊಡೆದರೆ ಒಂದೇ ಹೆಡ್‌ಶಾಟ್ ಸಾಕು. ಹೆಜ್ಜೆ ಸಪ್ಪಳ, ಹೊಗೆ, ಕಣ್ಣು ಕೋರೈಸುವ ಗ್ರೆನೇಡ್, ಎಲ್ಲವೂ ಮಾಹಿತಿ ಕೊಡುವ ಅಥವಾ ಮುಚ್ಚುವ ಸಾಧನಗಳು. ನಿಧಾನವಾಗಿ ಯೋಚಿಸಿ ಒಂದು ಕ್ಷಣದಲ್ಲಿ ತೀರ್ಮಾನವಾಗುವ ಆಟಕ್ಕೆ ದುಬಾರಿ ಸಾವು ಒಪ್ಪುತ್ತದೆ. ಇದೇ ಮೋಡನ್ನು ಜಾರಿ, ಹಾರಿ ಹೊಡೆಯುವ ಆಟಕ್ಕೆ ಅಂಟಿಸಿದರೆ ಸತ್ತವನಿಗೆ ತಾನು ಯಾವ ತಪ್ಪು ಮಾಡಿದೆ ಎಂಬುದೂ ಗೊತ್ತಾಗುವುದಿಲ್ಲ, ಕಲಿಯಲು ಏನೂ ಸಿಗದೆ ಸುಮ್ಮನೆ ಕಾಯಬೇಕಾಗುತ್ತದೆ.

ಕಾಯುವುದರ ಬಗ್ಗೆ ಒಂದು ಮಾತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸೈಬರ್ ಕೆಫೆಗಳಲ್ಲಿ, ಇಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಕೌಂಟರ್-ಸ್ಟ್ರೈಕ್ 1.6 ಆಡಿದ ತಲೆಮಾರಿಗೆ ಸತ್ತ ಮೇಲಿನ ಒಂದೂವರೆ ನಿಮಿಷ ಭಾರವಾಗಿರಲಿಲ್ಲ. ಪಕ್ಕದ ಕುರ್ಚಿಯವನ ಪರದೆಗೆ ಬಗ್ಗಿ ನೋಡಬಹುದಿತ್ತು, ಬೊಬ್ಬೆ ಹಾಕಬಹುದಿತ್ತು, ಉಳಿದ ಒಬ್ಬನೇ ಮೂವರನ್ನು ಹೊಡೆದರೆ ಇಡೀ ಕೋಣೆ ಎದ್ದು ನಿಲ್ಲುತ್ತಿತ್ತು. ಆಗ ಸತ್ತವನು ಪ್ರೇಕ್ಷಕನಾಗಿ ಆಟದೊಳಗೇ ಇರುತ್ತಿದ್ದ. ಇವತ್ತು ಅದೇ ನಿಯಮವನ್ನು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು, ಹೆಸರು ಗೊತ್ತಿಲ್ಲದ ನಾಲ್ವರ ಜೊತೆ ಆಡುತ್ತೇವೆ. ರೌಂಡ್ ಶುರುವಾಗಿ ಹತ್ತು ಸೆಕೆಂಡಿಗೆ ಸತ್ತವನ ಕೈ ಮೊಬೈಲಿಗೆ ಹೋಗುತ್ತದೆ. ನಿಯಮ ಬದಲಾಗಿಲ್ಲ, ಆಡುವ ಜಾಗ ಬದಲಾಗಿದೆ. ಪಂದ್ಯ ಉದ್ದವಾಯಿತು ಎಂಬ ದೂರಿನ ಹಿಂದೆ ಇರುವುದೂ ಬಹುಪಾಲು ಇದೇ ಇರಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಂದ ‘ಕೌಂಟರ್-ಸ್ಟ್ರೈಕ್ 2’ ಗೆಲುವಿನ ಗೆರೆಯನ್ನು 16 ರೌಂಡಿನಿಂದ 13ಕ್ಕೆ ಇಳಿಸಿತು. ವ್ಯಾಲರಂಟ್ ಐದು ರೌಂಡ್ ಗೆದ್ದರೆ ಮುಗಿಯುವ ‘ಸ್ವಿಫ್ಟ್‌ಪ್ಲೇ’ ತಂದಿತು.

ದೊಡ್ಡ ಯುದ್ಧಭೂಮಿಯ ಆಟಗಳಲ್ಲಿ ಬೆಲೆ ಬೇರೆ ರೂಪದಲ್ಲಿದೆ. ‘ಬ್ಯಾಟಲ್‌ಫೀಲ್ಡ್ 1942’ 2002ರಲ್ಲೇ 64 ಜನರನ್ನು ಒಂದು ಮ್ಯಾಪಿಗೆ ಇಳಿಸಿತು. ‘ಕಾಂಕ್ವೆಸ್ಟ್’ ಮೋಡಿನಲ್ಲಿ ತಂಡಕ್ಕೊಂದು ಟಿಕೆಟ್ ಖಾತೆ, ಮತ್ತೆ ಹುಟ್ಟುವ ಪ್ರತಿಯೊಬ್ಬನೂ ಒಂದು ಟಿಕೆಟ್ ತಿನ್ನುತ್ತಾನೆ. ಒಬ್ಬನಿಗೆ ಸಾವು ಅಗ್ಗ, ತಂಡಕ್ಕೆ ದುಬಾರಿ. ಸರಣಿಯ ಮುಂದಿನ ಆಟಗಳಲ್ಲಿ ಬಿದ್ದವನನ್ನು ಮೆಡಿಕ್ ಎಬ್ಬಿಸಿದರೆ ಟಿಕೆಟ್ ಉಳಿಯುತ್ತದೆ. ಈ ಸರಣಿಯ ನಿಯಮಗಳಲ್ಲಿ ನನಗೆ ತೀರಾ ಪ್ರಿಯವಾದದ್ದು ಇದು. ಆದರೆ ಈ ಲೆಕ್ಕ ನಡೆಯುವುದು ನಡಿಗೆಯ ದೂರ ಸರಿಯಾಗಿದ್ದಾಗ ಮಾತ್ರ. 2021ರ ‘ಬ್ಯಾಟಲ್‌ಫೀಲ್ಡ್ 2042’ ಜನರನ್ನು 128ಕ್ಕೆ ಏರಿಸಿ ಮ್ಯಾಪುಗಳನ್ನೂ ಹಿಗ್ಗಿಸಿತು. ಸತ್ತು ಹುಟ್ಟಿದವನು ಬಯಲಿನಲ್ಲಿ ಓಡಿ ಓಡಿ, ಯುದ್ಧ ಸಿಗುವ ಹೊತ್ತಿಗೆ ದೂರದ ಸ್ನೈಪರ್‌ಗೆ ಬಲಿಯಾಗುತ್ತಿದ್ದ. ಸಾವಿನ ಬೆಲೆಯನ್ನು ನಡಿಗೆಯಲ್ಲಿ ವಸೂಲಿ ಮಾಡಿದಂತಾಯಿತು. 2025ರ ಅಕ್ಟೋಬರ್‌ನಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 6’ ಮತ್ತೆ 64ಕ್ಕೆ ಮರಳಿದ್ದು ಸರಿಯಾದ ನಿರ್ಧಾರ.

ದೂರ ಕಡಿಮೆಯಾದರೂ ಕಷ್ಟವೇ. ‘ಓವರ್‌ವಾಚ್’ನ ‘ಅಸಾಲ್ಟ್’ ಮೋಡಿನಲ್ಲಿ ದಾಳಿಯವರು ವಶಪಡಿಸಿಕೊಳ್ಳಬೇಕಾದ ಎರಡನೇ ಜಾಗ ರಕ್ಷಕರು ಹುಟ್ಟುವ ಬಾಗಿಲಿಗೆ ತೀರಾ ಹತ್ತಿರ ಇತ್ತು. ದಾಳಿ ಮಾಡುವವರು ಇಬ್ಬರನ್ನು ಹೊಡೆದರೂ ಅವರು ಮರುಕ್ಷಣ ಎದುರಿಗೆ ಹಾಜರ್. 2022ರಲ್ಲಿ ‘ಓವರ್‌ವಾಚ್ 2’ ಬಂದಾಗ ಆ ಮೋಡನ್ನು ದಿನನಿತ್ಯದ ಸಾಲಿನಿಂದ ತೆಗೆದರು, ರೋಬೋಟನ್ನು ತಳ್ಳಿಸುವ ‘ಪುಷ್’ ಹೊಸದಾಗಿ ಬಂತು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಕಣ್ಣು ಹೋಗುವುದು ಬಂದೂಕೇ ಇಲ್ಲದ ನಮ್ಮದೊಂದು ಆಟದ ಕಡೆಗೆ, ಕಬಡ್ಡಿಯ ಕಡೆಗೆ. ಔಟಾದವನು ಹೊರಗೆ ಕೂರುತ್ತಾನೆ, ಆದರೆ ಅವನು ರೌಂಡ್ ಮುಗಿಯುವ ತನಕ ಸತ್ತವನಲ್ಲ, ಗಡಿಯಾರ ನೋಡಿ ಒಳಗೆ ಬರುವವನೂ ಅಲ್ಲ. ಅವನ ತಂಡದವರು ಎದುರಾಳಿಯನ್ನು ಔಟ್ ಮಾಡಿದಾಗ ಮೊದಲು ಹೊರಗೆ ಹೋದವನು ಮೊದಲು ಒಳಗೆ ಬರುತ್ತಾನೆ. ಹೊರಗೆ ಕೂತವನಿಗೆ ಒಳಗಿನ ಪ್ರತಿ ರೈಡ್ ತನ್ನದೇ ಜೀವದ ಪ್ರಶ್ನೆ, ಅವನ ಕಣ್ಣು ಅಂಗಳದಿಂದ ಕದಲುವುದಿಲ್ಲ. ಏಳೂ ಜನ ಔಟಾದರೆ ಎದುರು ತಂಡಕ್ಕೆ ಎರಡು ಹೆಚ್ಚುವರಿ ಅಂಕ, ಇಡೀ ತಂಡ ಮತ್ತೆ ಒಳಗೆ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೈಡರ್‌ನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟ್. ಹಿಂದೆ ಬಿದ್ದವರಿಗೆ ಎದ್ದು ಬರುವ ದಾರಿ, ಸುಮ್ಮನೆ ಕಾಲ ತಳ್ಳುವವರಿಗೆ ದಂಡ, ಎರಡೂ ನಿಯಮದೊಳಗೇ ಇವೆ.

ಶೂಟರ್‌ಗಳು ಈ ದಾರಿಯನ್ನು ತಡವರಿಸುತ್ತಾ ಹುಡುಕುತ್ತಲೇ ಬಂದಿವೆ. ಕ್ವೇಕ್ ಕಾಲದ ‘ಫ್ರೀಜ್ ಟ್ಯಾಗ್’ ಮಾಡ್‌ಗಳಲ್ಲಿ (ಅಭಿಮಾನಿಗಳು ಆಟವನ್ನು ತಿದ್ದಿ ಕಟ್ಟಿದ ಆವೃತ್ತಿಗಳಲ್ಲಿ) ಹೆಪ್ಪುಗಟ್ಟಿದ ಗೆಳೆಯನ ಪಕ್ಕ ನಿಂತರೆ ಅವನು ಕರಗಿ ಎದ್ದು ಬರುತ್ತಿದ್ದ. ‘ಜೈಲ್‌ಬ್ರೇಕ್’ ಮಾಡ್‌ಗಳಲ್ಲಿ ಸತ್ತವರು ಜೈಲಿಗೆ ಹೋಗುತ್ತಿದ್ದರು, ಗೆಳೆಯ ಬಂದು ಬಾಗಿಲು ತೆರೆಸಬೇಕಿತ್ತು. 2013ರ ‘ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್’ನ ‘ಸರ್ಚ್ ಅಂಡ್ ರೆಸ್ಕ್ಯೂ’ ಇನ್ನೂ ಚೊಕ್ಕ. ಸತ್ತವನ ಜಾಗದಲ್ಲಿ ಒಂದು ಡಾಗ್ ಟ್ಯಾಗ್, ಅಂದರೆ ಸೈನಿಕನ ಹೆಸರಿನ ಬಿಲ್ಲೆ, ಬೀಳುತ್ತದೆ. ಗೆಳೆಯ ಎತ್ತಿಕೊಂಡರೆ ಸತ್ತವನು ಮರಳುತ್ತಾನೆ, ಎದುರಾಳಿ ಎತ್ತಿಕೊಂಡರೆ ಆ ರೌಂಡಿಗೆ ಅವನ ಕತೆ ಮುಗಿಯಿತು. ಇದರ ಪರಿಣಾಮ ನೋಡಿ. ಮೂಲೆಯಲ್ಲಿ ಕೂತು ಹೊಡೆದವನು ಕೊಲೆಯನ್ನು ಪಕ್ಕಾ ಮಾಡಿಕೊಳ್ಳಲು ಎದ್ದು ಬರಲೇಬೇಕು. ಕ್ಯಾಂಪಿಂಗ್ ಅನ್ನು ಬೈಗುಳ ನಿಲ್ಲಿಸಲಿಲ್ಲ, ಅಂಗೈಯಗಲದ ಟ್ಯಾಗ್ ನಿಲ್ಲಿಸಿತು.

ಬ್ಯಾಟಲ್ ರಾಯಲ್‌ನಲ್ಲೂ ಆದದ್ದು ಇದೇ. 2017ರಲ್ಲಿ ಪಬ್‌ಜಿ ನೂರು ಜನರನ್ನು ದ್ವೀಪಕ್ಕೆ ಇಳಿಸಿದಾಗ ಸತ್ತ ಗೆಳೆಯನನ್ನು ಮರಳಿ ತರುವ ದಾರಿ ಇರಲಿಲ್ಲ, ಮೊದಲ ಐದು ನಿಮಿಷದಲ್ಲಿ ಹೋದವನು ಅರ್ಧ ಗಂಟೆ ಕಾಯಬೇಕು ಅಥವಾ ಗೆಳೆಯರನ್ನು ಬಿಟ್ಟು ಹೊಸ ಪಂದ್ಯಕ್ಕೆ ಹೋಗಬೇಕು. 2019ರ ಫೆಬ್ರವರಿಯಲ್ಲಿ ಬಂದ ‘ಏಪೆಕ್ಸ್ ಲೆಜೆಂಡ್ಸ್’ ಸತ್ತವನ ಬ್ಯಾನರನ್ನು 90 ಸೆಕೆಂಡಿನೊಳಗೆ ಎತ್ತಿಕೊಂಡು ಬೀಕನ್ ಎಂಬ ಕರೆಗಂಬಕ್ಕೆ ಒಯ್ದರೆ ಅವನನ್ನು ಬದುಕಿಸಬಹುದು ಎಂದಿತು. ಮರಳಿದವನ ಕೈಯಲ್ಲಿ ಆಗ ಬಂದೂಕು ಇರುತ್ತಿರಲಿಲ್ಲ, ಅವನನ್ನು ತರುವ ವಿಮಾನದ ಸದ್ದು ಸುತ್ತಲಿನವರಿಗೆಲ್ಲ ಕೇಳುತ್ತದೆ. ಬೆಲೆ ಇದೆ, ಆದರೆ ತೆರಬಹುದಾದ ಬೆಲೆ. 2020ರ ‘ವಾರ್‌ಝೋನ್’ ಸತ್ತವನನ್ನು ಗುಲಾಗ್ ಎಂಬ ಜೈಲಿಗೆ ಕಳಿಸಿ ಒಬ್ಬರಿಗೊಬ್ಬರ ಕಾಳಗದಲ್ಲಿ ಗೆದ್ದರೆ ಮರಳಿಸಿತು. ‘ಹಂಟ್: ಶೋಡೌನ್’ನಲ್ಲಿ ಎಬ್ಬಿಸಿದ ಪ್ರತಿ ಸಲವೂ ಆರೋಗ್ಯದ ಒಂದು ತುಂಡು ಕಡಿತ. ಮೂರಕ್ಕೂ ಬೇರೆ ಬೇರೆ ಸ್ವಭಾವ, ಮೂರರಲ್ಲೂ ಸಾವು ಗಂಭೀರ. ಸಾವೇ ಕೊನೆ ಎಂಬುದು ಮಾತ್ರ ಯಾವುದರಲ್ಲೂ ಇಲ್ಲ.

ಆದ್ದರಿಂದ ಇವತ್ತು ಹೊಸದಾಗಿ ಬರುವ, ಮಧ್ಯಮ ವೇಗದ, ಅಪರಿಚಿತರು ಸೇರಿ ಆಡುವ ಶೂಟರ್‌ಗೆ ಮುಖ್ಯ ಮೋಡ್ ಕಬಡ್ಡಿ ನಿಯಮದ ಮೇಲೆ ನಿಲ್ಲಬೇಕು ಎಂಬುದು ನನ್ನ ವಾದ. ಐದೈದು ಜನ, ಕಿರು ರೌಂಡ್, ಗೆಳೆಯರ ಕೆಲಸದಿಂದಲೇ ಮರಳಿ ಬರುವ ಸತ್ತವರು. ಮೇಲೆ ಹೇಳಿದ ಯಾವ ಆಟವೂ ಮುಟ್ಟದ ಸೂಪರ್ ಟ್ಯಾಕಲ್ ಅನ್ನೂ ಸೇರಿಸಿ ನೋಡಬೇಕು. ಇಬ್ಬರೇ ಉಳಿದ ತಂಡ ಒಂದು ಕೊಲೆ ಮಾಡಿದರೆ ಒಬ್ಬನ ಬದಲು ಇಬ್ಬರು ಮರಳಲಿ. ಐದಕ್ಕೆ ಎರಡು ಎಂಬ ಸ್ಥಿತಿಯಲ್ಲಿ ಕೈಚೆಲ್ಲುವ ಬದಲು ತಂಡ ಎದೆಯೊಡ್ಡಿ ನಿಲ್ಲುತ್ತದೆ, ಮುಂದಿರುವ ತಂಡವೂ ಒಬ್ಬೊಬ್ಬರಾಗಿ ಬೇಟೆಗೆ ಹೋಗದೆ ಜೊತೆಯಾಗಿ ಹೋಗಬೇಕಾಗುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಬರುವುದು ಕೌಂಟರ್-ಸ್ಟ್ರೈಕ್ ಕಡೆಯವರಿಂದ, ಅದನ್ನು ತಳ್ಳಿಹಾಕಲಾಗದು. ಒಬ್ಬನೇ ಉಳಿದು ಮೂವರನ್ನು ಎದುರಿಸುವ ಕ್ಲಚ್‌ಗೆ ಸಮನಾದ ದೃಶ್ಯ ಈ ಪ್ರಕಾರದಲ್ಲಿ ಇನ್ನೊಂದಿಲ್ಲ. ಸತ್ತವರು ಮರಳುವಂತಾದರೆ ಆ ಒಂಟಿತನದ ಬಿಗಿ ಕಳೆದುಹೋಗುತ್ತದೆ. ಅದು ನಿಜ, ಆ ಕಾರಣಕ್ಕೇ ಕೌಂಟರ್-ಸ್ಟ್ರೈಕ್ ಒಂದೇ ಜೀವದ ನಿಯಮವನ್ನು ಬಿಡಬಾರದು. ನನ್ನ ತಕರಾರು ಇರುವುದು ಆ ಆಟದ ಯಶಸ್ಸು ಕಂಡು ಅದರ ಬಂದೂಕಿಲ್ಲದೆ ಅದರ ಮೋಡನ್ನು ಮಾತ್ರ ತಂದುಕೊಳ್ಳುವವರ ಮೇಲೆ. ಬ್ಯಾಟಲ್‌ಫೀಲ್ಡ್ 2042ಗೆ ‘ಹಜಾರ್ಡ್ ಝೋನ್’ ಎಂಬ ಎಕ್ಸ್‌ಟ್ರಾಕ್ಷನ್ ಮೋಡನ್ನು (ಸಿಕ್ಕಿದ್ದನ್ನು ಹೊತ್ತು ಜೀವಂತ ಹೊರಬರಬೇಕಾದ ಬಗೆಯನ್ನು) ಅಂಟಿಸಿದ್ದು ಇಂಥದ್ದೇ. ‘ಎಸ್ಕೇಪ್ ಫ್ರಂ ಟಾರ್ಕೋವ್’ನಲ್ಲಿ ಸತ್ತರೆ ಹೊತ್ತು ತಂದದ್ದು ಬಹುಪಾಲು ಹೋಗುತ್ತದೆ, ಏಕೆಂದರೆ ಗುಂಡು, ಗಾಯ, ಚೀಲ ಎಲ್ಲವನ್ನೂ ಆ ನಷ್ಟಕ್ಕಾಗಿಯೇ ಕಟ್ಟಿದ್ದಾರೆ. ಟ್ಯಾಂಕು, ಹೆಲಿಕಾಪ್ಟರುಗಳ ಗದ್ದಲದ ಆಟದಲ್ಲಿ ಆ ಭಯಕ್ಕೆ ಬೇರು ಸಿಗಲಿಲ್ಲ, ಮುಂದಿನ ವರ್ಷವೇ ಆ ಮೋಡಿನ ಕೆಲಸ ನಿಂತುಹೋಯಿತು.

ಎಲ್ಲ ಮೋಡನ್ನೂ ಕೊಟ್ಟುಬಿಡಲಿ, ಯಾರಿಗೆ ಯಾವುದು ಬೇಕೋ ಆಡಲಿ ಎಂಬ ಉದಾರ ಪರಿಹಾರ ಕೇಳಲು ಚೆನ್ನಾಗಿದೆ. ನಮ್ಮಂಥ ಕಡೆ ಅದು ನಡೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಆಟದ ಮುಂಬೈ ಸರ್ವರ್‌ನಲ್ಲಿ 3,000 ಜನ ಇದ್ದಾರೆ ಎಂದುಕೊಳ್ಳಿ. ಎಂಟು ಮೋಡ್, ಐದು ದರ್ಜೆ ಎಂದರೆ 40 ಗುಂಪು, ಗುಂಪಿಗೆ 75 ಜನ, ಅವರಲ್ಲಿ ಬಹಳಷ್ಟು ಮಂದಿ ಆಗಲೇ ಪಂದ್ಯದೊಳಗೆ. ನಿಜದಲ್ಲಿ ಜನ ಸಮನಾಗಿ ಹಂಚಿಹೋಗುವುದೂ ಇಲ್ಲ, ಮೂರು ಮೋಡ್ ತುಂಬಿ ಐದು ಒಣಗುತ್ತವೆ. ಒಣಗಿದ ಮೋಡಿಗೆ ಹೋದವನು ಒಂದೋ ಕಾಯುತ್ತಾನೆ, ಇಲ್ಲವೇ ಸಿಂಗಪುರದ ಸರ್ವರ್‌ಗೆ ಬಿದ್ದು ಆಟ ತಡವಾಗಿ ಸ್ಪಂದಿಸುವುದನ್ನು ಸಹಿಸಿಕೊಳ್ಳುತ್ತಾನೆ. ಮೂರು ಮೋಡನ್ನು ಚೆನ್ನಾಗಿ ಮಾಡಿ ಉಳಿದವನ್ನು ವಾರಕ್ಕೊಂದರಂತೆ ಸರದಿಯಲ್ಲಿ ತರುವುದು ಇಲ್ಲಿಯ ಆಟಗಾರನಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಮೊಬೈಲಿನಲ್ಲಿ ಈ ಪ್ರಶ್ನೆ ಇನ್ನೂ ಹರಿತ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ನಿಷೇಧವಾಗಿ 2021ರ ಜುಲೈನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಗಿ ಬಂತು. ಬ್ಯಾಟಲ್ ರಾಯಲ್ ಎಂದೇ ಹೆಸರಾದರೂ ಗೋದಾಮಿನ ಮ್ಯಾಪಿನಲ್ಲಿ ನಾಲ್ಕು ನಾಲ್ಕು ಜನ ಆಡುವ, 40 ಕೊಲೆಗೆ ಮುಗಿಯುವ ಟೀಮ್ ಡೆತ್‌ಮ್ಯಾಚ್ ಅದರೊಳಗೆ ತನ್ನದೇ ಬದುಕು ಕಂಡುಕೊಂಡಿದೆ. ಬಸ್ಸಿನಲ್ಲಿ, ಕರೆಂಟ್ ಹೋಗುವ ಊರಿನಲ್ಲಿ, ಮನೆಯವರು ಯಾವಾಗ ಬೇಕಾದರೂ ಕರೆಯುವ ಹೊತ್ತಿನಲ್ಲಿ ಅರ್ಧ ಗಂಟೆಯ ಪಂದ್ಯಕ್ಕೆ ಒಪ್ಪಿಕೊಳ್ಳುವುದು ಕಷ್ಟ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ 2021ರ ಗಣರಾಜ್ಯೋತ್ಸವಕ್ಕೆ ತಂದ ಫೌಜಿ ಮೊದಲಿಗೆ ಒಬ್ಬರೇ ಆಡುವ ಆಟವಾಗಿತ್ತು, ಅದೇ ವರ್ಷ ಟೀಮ್ ಡೆತ್‌ಮ್ಯಾಚ್ ಸೇರಿಸಬೇಕಾಯಿತು. ಎರಡೂ ಬಹುಪಾಲು ಬೆನ್ನ ಹಿಂದಿನಿಂದ ನೋಡುವ ಆಟಗಳು ಎಂಬುದು ಬೇರೆ ಮಾತು, ಬಿಡುವಿನ ಲೆಕ್ಕ ಒಂದೇ.

ಕಬಡ್ಡಿ ನಿಯಮಕ್ಕೆ ಇರುವ ನಿಜವಾದ ಅಡ್ಡಿ ಬೇರೆಯೇ ಇದೆ. ಅಂಗಳದಲ್ಲಿ ನಿಮ್ಮನ್ನು ಒಳಗೆ ತರುವವರು ನಿಮ್ಮೂರಿನವರು, ಆನ್‌ಲೈನ್‌ನಲ್ಲಿ ಯಾರೋ. ಅವನು ಹಿಂದಿ ಮಾತಾಡುತ್ತಾನೋ ತಮಿಳೋ ಗೊತ್ತಿಲ್ಲ, ಮೈಕ್ ಮುಚ್ಚಿರಬಹುದು, ನಿಮ್ಮ ಟ್ಯಾಗ್ ಬಿದ್ದಿರುವ ಕಡೆ ತಿರುಗಿಯೂ ನೋಡದೆ ಹೋಗಬಹುದು. ಏಪೆಕ್ಸ್ ಒಂದು ಬಟನ್ ಒತ್ತಿದರೆ ಶತ್ರು ಇಲ್ಲಿ, ಬಂದೂಕು ಅಲ್ಲಿ ಎಂದು ತೋರಿಸುವ ಪಿಂಗ್ ವ್ಯವಸ್ಥೆ ತಂದು ಭಾಷೆಯ ಕಷ್ಟವನ್ನು ಅರ್ಧ ನೀಗಿಸಿತು. ಉಳಿದ ಅರ್ಧ ಅಂಕದ ಪಟ್ಟಿಯಲ್ಲಿದೆ. ಬ್ಯಾಟಲ್‌ಫೀಲ್ಡ್‌ನಲ್ಲಿ ಗೊತ್ತುಪರಿಚಯ ಇಲ್ಲದವರೂ ಗುಂಡಿನ ಸುರಿಮಳೆಯಲ್ಲಿ ಓಡಿ ಬಂದು ಎಬ್ಬಿಸುತ್ತಾರೆ, ಏಕೆಂದರೆ ಎಬ್ಬಿಸಿದ್ದಕ್ಕೆ ಅಂಕ ಇದೆ, ಕೊಲೆ ಕಡಿಮೆ ಇದ್ದರೂ ಒಳ್ಳೆಯ ಮೆಡಿಕ್ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತಾನೆ. ಬಹಳಷ್ಟು ಆಟಗಳ ಪರದೆಯಲ್ಲಿ ಇವತ್ತಿಗೂ ಮೊದಲು ಕಾಣುವುದು ಕೊಲೆ ಮತ್ತು ಸಾವಿನ ಅನುಪಾತ. ಮರಳಿಸಿದವರ ಸಂಖ್ಯೆಯನ್ನು ಅದರ ಪಕ್ಕದಲ್ಲೇ ತೋರಿಸಿ, ರ‍್ಯಾಂಕ್ ಕಟ್ಟುವಾಗ ಕೊಲೆಯಷ್ಟೇ ತೂಕ ಕೊಟ್ಟರೆ ಆ ಅಪರಿಚಿತ ಟ್ಯಾಗ್ ಎತ್ತಲು ಹಿಂದಿರುಗಿ ಬರುತ್ತಾನೆ.